ಏರಿನಲ್ಲಿ ಐಸು, ಜಾರುವ ಟ್ರ್ಯಾಕ್ಟರು: ಟೈರಿಗೆ ನೀರು ತುಂಬಿಸಿದರೆ ಸಾಕಾ?

ಪ್ರಶ್ನೆ: ನಮ್ಮದು ಗಂಗಾವತಿ ಕಡೆ ಊರು. ಈಗ ಇರುವುದು ಅಮೆರಿಕದ ಮಿನ್ನೆಸೋಟದಲ್ಲಿ, ಡುಲುತ್ ಪಟ್ಟಣದ ಹೊರಗೆ. ಹೋದ ಬೇಸಿಗೆಯಲ್ಲಿ ಐದು ಎಕರೆ ಜಾಗ ಇರುವ ಮನೆ ತಗೊಂಡೆವು. ಜೊತೆಗೆ 25 ಎಚ್‌ಪಿಯ ಸಣ್ಣ ಟ್ರ್ಯಾಕ್ಟರ್ ಬಂತು. ಫೋರ್ ವೀಲ್ ಡ್ರೈವ್, ಮುಂದೆ ಲೋಡರ್ ಬಕೆಟ್, ಇಂಡಸ್ಟ್ರಿಯಲ್ ಟೈರು. ಮನೆ ಮೇಲಿದೆ, ರಸ್ತೆ ಕೆಳಗಿದೆ. ನಡುವೆ 60 ಮೀಟರ್ ಜಲ್ಲಿ ದಾರಿ. ಮೊದಲ ಎರಡು ಸಲ ಹಿಮ ಬಿದ್ದಾಗ ಆರಾಮಾಗಿ ತೆಗೆದೆ. ಆಮೇಲೆ ಒಂದು ದಿನ ಹಗಲು ಕರಗಿ, ರಾತ್ರಿ ಮತ್ತೆ ಹೆಪ್ಪುಗಟ್ಟಿತು. ಅವತ್ತಿನಿಂದ ಟ್ರ್ಯಾಕ್ಟರ್ ಏರು ಹತ್ತುತ್ತಿಲ್ಲ. ನಾಲ್ಕೂ ಚಕ್ರ ನಿಂತಲ್ಲೇ ಸುತ್ತುತ್ತವೆ. ಇಳಿಯುವಾಗ ಒಮ್ಮೆ ಬ್ರೇಕ್ ಒತ್ತಿದರೂ ರಸ್ತೆಯವರೆಗೆ ಜಾರಿಕೊಂಡು ಹೋಯಿತು. ಊರಿಗೆ ಫೋನ್ ಮಾಡಿದೆ. ‘ಟೈರಿಗೆ ನೀರು ತುಂಬಿಸಪ್ಪ, ಭಾರ ಬಂದರೆ ಹಿಡಿತ ತಾನಾಗೇ ಬರುತ್ತೆ’ ಅಂದರು ಅಪ್ಪ. ಊರಲ್ಲಿ ನಾವು ಹಾಗೇ ಮಾಡುತ್ತಿದ್ದೆವು. ಇಲ್ಲೂ ಅದು ಸರಿಯಾ? ಇಲ್ಲಾ ಟೈರೇ ಬದಲಾಯಿಸಬೇಕಾ?

ಉತ್ತರ: ನೀರಿನ ಮಾತು ಮೊದಲು ಮುಗಿಸೋಣ. ತುಂಬಿಸಬೇಡಿ. ನಿಮ್ಮ ಕಡೆ ಜನವರಿ ರಾತ್ರಿ ಮೈನಸ್ 20 ಡಿಗ್ರಿ ಸೆಲ್ಸಿಯಸ್ ಅಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಟೈರಿನೊಳಗಿನ ನೀರು ಒಂದೇ ಗಟ್ಟಿ ಗಡ್ಡೆಯಾಗುತ್ತದೆ. ಬೆಳಿಗ್ಗೆ ಓಡಿಸಿದರೆ ಚಕ್ರದ ಒಂದು ಮಗ್ಗುಲಿಗೆ ಬಂಡೆ ಕಟ್ಟಿದ ಹಾಗೆ ದಡ್ ದಡ್ ಅನ್ನುತ್ತದೆ. ಒಳಗೆ ಟ್ಯೂಬ್ ಇದ್ದರೆ ಅದು ಹರಿದರೂ ಹರಿಯಿತು.

ಹಾಗಂತ ಅಪ್ಪ ಹೇಳಿದ್ದು ತಪ್ಪಲ್ಲ. ಅವರ ಗದ್ದೆಗೆ ಅದು ಸರಿ. ನಾನು ಮಂಡ್ಯ ಕಡೆಯವನು, ನಾನೂ ಟೈರಿಗೆ ಪೈಪ್ ಹಿಡಿದು ನೀರು ಬಿಟ್ಟವನೇ. ಮಣ್ಣಿನಲ್ಲಿ ಭಾರ ಜಾಸ್ತಿಯಾದಷ್ಟೂ ಟೈರಿನ ಉಬ್ಬುಪಟ್ಟಿಗಳು ಒಳಗೆ ಇಳಿಯುತ್ತವೆ, ಮಣ್ಣನ್ನು ಕಚ್ಚಿ ಹಿಂದಕ್ಕೆ ಒದೆಯುತ್ತವೆ, ಗಾಡಿ ಮುಂದೆ ಹೋಗುತ್ತದೆ. ಕೆಸರು ಗದ್ದೆಗೆ ಕೇಜ್ ವೀಲ್ ಹಾಕುವುದೂ ಇದಕ್ಕೇ ಅಲ್ವಾ? ರಬ್ಬರ್ ಕೈಲಿ ಆಗದ್ದನ್ನು ಕಬ್ಬಿಣದ ಪಟ್ಟಿ ಮಾಡುತ್ತದೆ. ಐಸ್ ಬೇರೆ ಜಾತಿ. ಅದು ರಬ್ಬರನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಟೈರು ಅದರ ಮೇಲೆ ಸುಮ್ನೆ ಕೂತಿರುತ್ತದೆ, ಅಷ್ಟೇ.

ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಲ್ಲುಮೆಟ್ಟಿಲು ನೆನಪಿಸಿಕೊಳ್ಳಿ. ಖಾಲಿ ಕೈಯಲ್ಲಿ ಹತ್ತಿದರೂ ಜಾರುತ್ತದೆ, ತಲೆ ಮೇಲೆ ಅಕ್ಕಿ ಮೂಟೆ ಇಟ್ಟುಕೊಂಡು ಹತ್ತಿದರೂ ಜಾರುತ್ತದೆ. ಮೂಟೆ ಹೊತ್ತವನು ‘ನನಗೆ ಭಾರ ಜಾಸ್ತಿ, ನಾನು ಜಾರಲ್ಲ’ ಅನ್ನುವ ಹಾಗಿಲ್ಲ. ಇದನ್ನೇ ಲೆಕ್ಕದಲ್ಲಿ ಹೇಳುತ್ತೇನೆ. ಒಣ ಡಾಂಬರಿನ ಮೇಲೆ ರಬ್ಬರಿನ ಹಿಡಿತ, ಅದರ ಮೇಲೆ ಕೂತ ಭಾರದ ಮುಕ್ಕಾಲು ಪಾಲಿನಷ್ಟು ಸಿಗುತ್ತದೆ. ಗಟ್ಟಿಯಾಗಿ ಒತ್ತಿದ ಹಿಮದ ಮೇಲೆ ಕಾಲು ಭಾಗದ ಆಸುಪಾಸು. ಐಸ್ ಮೇಲೆ ಹತ್ತರಲ್ಲಿ ಒಂದು ಪಾಲು. ಸೊನ್ನೆ ಡಿಗ್ರಿ ಹತ್ತಿರ ಮೇಲೆ ತೆಳುವಾಗಿ ನೀರು ಒಸರುತ್ತಿದ್ದರೆ ಅದರಲ್ಲೂ ಅರ್ಧ. ಅತಿ ಜಾರುವ ಐಸ್ ಕೊರೆಯುವ ಚಳಿಯ ದಿನದ್ದಲ್ಲ, ಕರಗಲೋ ಬೇಡವೋ ಅಂತಿರುವ ದಿನದ್ದು.

ಈಗ ನಿಮ್ಮ ಏರು. ಹತ್ತು ಮೀಟರ್ ಹೋದರೆ ಒಂದು ಮೀಟರ್ ಎತ್ತರ ಅಂದುಕೊಳ್ಳಿ. ಆ ಏರಿನಲ್ಲಿ ಟ್ರ್ಯಾಕ್ಟರಿನ ಭಾರದ ಹತ್ತನೇ ಒಂದು ಪಾಲು ಅದನ್ನು ಕೆಳಕ್ಕೆ ಎಳೆಯುತ್ತಿರುತ್ತದೆ. ಹಿಡಿತವೂ ಹತ್ತನೇ ಒಂದು ಪಾಲು. ಅಲ್ಲಿಗೆ ಸಮ, ಕೈಯಲ್ಲಿ ಏನೂ ಉಳಿಯಲಿಲ್ಲ. ಭಾರ ಎರಡು ಪಟ್ಟು ಮಾಡಿದಿರಿ ಅನ್ನಿ, ಹಿಡಿತ ಎರಡು ಪಟ್ಟಾಯಿತು, ಕೆಳಕ್ಕೆ ಎಳೆಯುವುದೂ ಎರಡು ಪಟ್ಟಾಯಿತು. ಮತ್ತೆ ಸಮ. ನಾಲ್ಕೂ ಚಕ್ರ ಓಡುವ ಗಾಡಿಗೆ ಬರೀ ಐಸಿನ ಏರಿನಲ್ಲಿ ಭಾರದಿಂದ ಲಾಭವಿಲ್ಲ. ಭಾರ ಬೇಕು, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಮೊದಲು ಬೇಕಾದದ್ದು ಹಲ್ಲು.

ಹಲ್ಲು ಅಂದರೆ ಚೈನು.

ಕಥೆ ಹಳೆಯದು. ನ್ಯೂಯಾರ್ಕ್ ರಾಜ್ಯದ ಕ್ಯಾನಸ್ಟೋಟ ಊರಿನ ಹ್ಯಾರಿ ವೀಡ್ ಅನ್ನುವವರು 1904ರಲ್ಲಿ ಟೈರ್ ಚೈನಿಗೆ ಪೇಟೆಂಟ್ ತಗೊಂಡರು. ಕೆಸರಿನಲ್ಲಿ ಕಾರು ಹೂತುಕೊಳ್ಳದಿರಲಿ ಅಂತ ಜನ ಚಕ್ರಕ್ಕೆ ಹಗ್ಗ ಸುತ್ತುವುದನ್ನು ಅವರು ನೋಡಿದ್ದರಂತೆ. ಹಗ್ಗದ ಬದಲು ಕಬ್ಬಿಣ ಸುತ್ತಿದರು. ನೂರಿಪ್ಪತ್ತು ವರ್ಷ ಆಯಿತು, ಐಸಿನ ಮೇಲೆ ಟ್ರ್ಯಾಕ್ಟರಿಗೆ ಅದಕ್ಕಿಂತ ಒಳ್ಳೆಯ ಮದ್ದು ಇನ್ನೂ ನಾನು ನೋಡಿಲ್ಲ.

ಅಂಗಡಿಗೆ ಹೋದರೆ ಎರಡು ಜಾತಿ ತೋರಿಸುತ್ತಾರೆ. ಒಂದು ಏಣಿ ಥರದ್ದು: ಎರಡು ಬದಿಗೆ ಉದ್ದ ಚೈನು, ನಡುವೆ ಅಡ್ಡ ಚೈನುಗಳು, ಏಣಿಯ ಮೆಟ್ಟಿಲಿನ ಹಾಗೆ. ಅಗ್ಗ, ಎಲ್ಲ ಕಡೆ ಸಿಗುತ್ತದೆ. ಇನ್ನೊಂದು ಬಲೆ ಥರದ್ದು: ಅಡ್ಡ ಚೈನುಗಳು ಒಂದಕ್ಕೊಂದು ಕೂಡಿ ಟೈರಿನ ಮೇಲೆ ಮೀನುಬಲೆಯ ಹಾಗೆ ಕೂರುತ್ತವೆ. ದುಡ್ಡು ಜಾಸ್ತಿ. ಆದರೂ ನಿಮಗೆ ಬಲೆ ಥರದ್ದನ್ನೇ ತಗೊಳ್ಳಿ ಅನ್ನುತ್ತೇನೆ, ಎರಡು ಕಾರಣಕ್ಕೆ. ಇಂಡಸ್ಟ್ರಿಯಲ್ ಟೈರಿನ ಉಬ್ಬುಗಳ ನಡುವೆ ಅಗಲವಾದ ಸಂದು ಇರುತ್ತದೆ. ಏಣಿ ಚೈನಿನ ಮೆಟ್ಟಿಲು ಸೀದಾ ಆ ಸಂದಿಗೆ ಹೋಗಿ ಮಲಗಿಬಿಡುತ್ತದೆ. ಹೊರಗೆ ನೋಡಿದರೆ ಚೈನು ಇದೆ, ಐಸಿಗೆ ಮುಟ್ಟುತ್ತಿರುವುದು ಅದೇ ರಬ್ಬರು. ಎರಡನೆಯದು, ಏಣಿ ಚೈನು ಹಿಂದೆ ಮುಂದೆ ಚೆನ್ನಾಗಿ ಹಿಡಿಯುತ್ತದೆ, ಪಕ್ಕಕ್ಕೆ ಅಷ್ಟು ಹಿಡಿಯುವುದಿಲ್ಲ. ಇಳಿಜಾರಿನಲ್ಲಿ ಗಾಡಿಯ ಹಿಂಭಾಗ ಪಕ್ಕಕ್ಕೆ ಸರಿಯಲು ಶುರುವಾದರೆ ಬಲೆ ಚೈನು ತಡೆಯುತ್ತದೆ. ಏಣಿಯೇ ಸಿಕ್ಕಿತು ಅಂದರೆ, ಅಡ್ಡ ಚೈನು ಎರಡು ಕೊಂಡಿಗೆ ಒಂದರಂತೆ ಇರುವುದನ್ನು ಕೇಳಿ. ನಾಲ್ಕು ಕೊಂಡಿಗೆ ಒಂದು ಇರುವುದು ಬೇಡ. ಕೊಂಡಿಯ ಮೇಲೆ ವಿ ಆಕಾರದ ತುಂಡು ಬೆಸುಗೆ ಹಾಕಿರುತ್ತಾರೆ, ವಿ-ಬಾರ್ ಅನ್ನುತ್ತಾರೆ. ಐಸಿಗೆ ಅದು ಇದ್ದರೆ ಒಳ್ಳೆಯದು. ನಿಮ್ಮದು ಜಲ್ಲಿ ದಾರಿ, ಗೀರು ಬಿದ್ದರೆ ಕೇಳುವವರಿಲ್ಲ. ಕಲ್ಲು ಹಾಸಿದ ಅಂಗಳವಾಗಿದ್ದರೆ ನಾನು ಇಷ್ಟು ಧೈರ್ಯವಾಗಿ ಹೇಳುತ್ತಿರಲಿಲ್ಲ.

ಕೊಳ್ಳುವ ಮೊದಲು ಟ್ರ್ಯಾಕ್ಟರ್ ಹತ್ತಿರ ಕೂತು ಸಂದು ಅಳೆಯಿರಿ. ಹಿಂದಿನ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಎಷ್ಟು ಜಾಗ ಇದೆ? ಟೈರಿಗೂ ತ್ರೀ ಪಾಯಿಂಟ್ ಲಿಂಕೇಜಿನ (ಹಿಂದೆ ಸಲಕರಣೆ ಕಟ್ಟುವ ಮೂರು ತೋಳಿನ ಜೋಡಣೆ) ತೋಳಿಗೂ ನಡುವೆ ಎಷ್ಟು? ಎರಡು ಇಂಚಿಗಿಂತ ಕಡಿಮೆ ಇದ್ದರೆ ನಾನು ಚೈನು ಹಾಕುವುದಿಲ್ಲ. ತಿರುಗುವಾಗ ಚೈನು ಹೊರಕ್ಕೆ ಎಗರುತ್ತದೆ, ಮಡ್‌ಗಾರ್ಡನ್ನೋ ಹೈಡ್ರಾಲಿಕ್ ಪೈಪನ್ನೋ ಹರಿದುಹಾಕುತ್ತದೆ. ಜಾಗ ಸಾಲದಿದ್ದರೆ ಚಕ್ರಕ್ಕೂ ಆಕ್ಸಲಿಗೂ ನಡುವೆ ಹಾಕುವ ಸ್ಪೇಸರ್ ಸಿಗುತ್ತದೆ. ಅದು ಚಕ್ರವನ್ನು ಹೊರಕ್ಕೆ ತರುತ್ತದೆ, ಗಾಡಿ ಅಗಲವಾಗುತ್ತದೆ, ಇಳಿಜಾರಿನಲ್ಲಿ ಪಲ್ಟಿಯಾಗುವ ಭಯವೂ ಸ್ವಲ್ಪ ಕಡಿಮೆ.

ಚೈನು ಹಾಕುವುದನ್ನು ಹಿಮ ಬಿದ್ದ ದಿನ ಕಲಿಯಬೇಡಿ. ನಾನು ಹಾಗೇ ಕಲಿತೆ. ಮೈನಸ್ 18ರಲ್ಲಿ ಗ್ಲೌಸ್ ಹಾಕಿಕೊಂಡರೆ ಕೊಕ್ಕೆ ಸಿಗುವುದಿಲ್ಲ, ತೆಗೆದರೆ ಬೆರಳು ಕಬ್ಬಿಣಕ್ಕೆ ಅಂಟುತ್ತದೆ. ಗ್ಯಾರೇಜಿನಲ್ಲಿ ಒಣ ನೆಲದ ಮೇಲೆ ಮಾಡಿ. ಚೈನನ್ನು ನೆಲದ ಮೇಲೆ ಹರಡಿ, ತಿರುಚಿಕೊಂಡ ಕೊಂಡಿ ಇದ್ದರೆ ಬಿಡಿಸಿ. ಅಡ್ಡ ಚೈನಿನ ಕೊಕ್ಕೆಗಳ ಚೂಪು ಬಾಯಿ ಟೈರಿನ ಕಡೆ ಇರಬಾರದು, ಹೊರಗಡೆ ಇರಬೇಕು. ಇದನ್ನು ತಿರುಗುಮುರುಗು ಹಾಕಿದರೆ ಒಂದೇ ಚಳಿಗಾಲದಲ್ಲಿ ಟೈರಿನ ಮಗ್ಗುಲು ಸವೆದುಹೋಗುತ್ತದೆ. ಆಮೇಲೆ ಸೀರೆ ಹೊದಿಸಿದ ಹಾಗೆ ಟೈರಿನ ಮೇಲೆ ಹೊದಿಸಿ. ಎರಡೂ ಬದಿ ಸಮವಾಗಿ ಇಳಿಬಿದ್ದಿದೆಯಾ ನೋಡಿ, ಅರ್ಧ ಸುತ್ತು ನಿಧಾನ ಓಡಿಸಿ. ತುದಿಗಳು ಕೈಗೆ ಸಿಗುತ್ತವೆ. ಒಳಗಿನ ಬದಿಯದನ್ನು ಮೊದಲು ಸಿಕ್ಕಿಸಿ, ಯಾಕೆಂದರೆ ಅದು ಕೈಗೆಟುಕದ ಜಾಗ. ಹೊರಗಿನದು ಆಮೇಲೆ. ಕೈಯಲ್ಲಿ ಎಷ್ಟು ಬಿಗಿಯಾಗುತ್ತೋ ಅಷ್ಟು ಎಳೆಯಿರಿ. ಹತ್ತು ಹದಿನೈದು ನಿಮಿಷ ಓಡಿಸಿ ನಿಲ್ಲಿಸಿ. ಈಗ ಸಡಿಲವಾಗಿರುತ್ತದೆ, ಇನ್ನೊಂದೆರಡು ಕೊಂಡಿ ಎಳೆಯಬಹುದು. ಎರಡನೇ ಸಲ ಬಿಗಿ ಮಾಡುವುದನ್ನು ಜನ ಮರೆಯುತ್ತಾರೆ. ಚೈನು ಕಳಚಿಕೊಂಡು ಆಕ್ಸಲಿಗೆ ಸುತ್ತಿಕೊಂಡಿದ್ದನ್ನು ನಾನು ಬಿಡಿಸಿಕೊಟ್ಟ ಕಡೆಯೆಲ್ಲ ಇದೇ ಕಾರಣ. ಟೈರಿನ ಗಾಳಿ ಇಳಿಸಿ, ಚೈನು ಹಾಕಿ, ಮತ್ತೆ ಗಾಳಿ ತುಂಬಿಸಿ ಬಿಗಿ ಮಾಡುವವರೂ ಇದ್ದಾರೆ. ನನಗೆ ಅದರ ಅಗತ್ಯ ಬಂದಿಲ್ಲ.

ಎರಡೇ ಚೈನಿಗೆ ದುಡ್ಡಿದೆ, ಎಲ್ಲಿಗೆ ಹಾಕಲಿ? ಹಿಂದಿನ ಚಕ್ರಕ್ಕೆ. ‘ಫೋರ್ ವೀಲ್ ಅಲ್ವಾ, ಮುಂದಿನ ಚಕ್ರಕ್ಕೆ ಹಾಕಿದರೆ ಸ್ಟೀರಿಂಗ್ ಚೆನ್ನಾಗಿ ಕೇಳುತ್ತೆ’ ಅಂತ ಯಾರಾದರೂ ಹೇಳುತ್ತಾರೆ. ಹತ್ತುವಾಗ ನಿಜ ಇರಬಹುದು. ಇಳಿಯುವಾಗ ಮುಂದಿನ ಚಕ್ರ ಹಿಡಿದು ನಿಲ್ಲುತ್ತದೆ, ಹಿಂದಿನದು ಜಾರುತ್ತದೆ, ಟ್ರ್ಯಾಕ್ಟರ್ ಗಿರಕಿ ಹೊಡೆದು ಅಡ್ಡ ತಿರುಗುತ್ತದೆ. ಇಳಿಜಾರಿನಲ್ಲಿ ಅಡ್ಡ ತಿರುಗಿದ ಟ್ರ್ಯಾಕ್ಟರಿಗೆ ಪಲ್ಟಿಯಾಗಲು ಒಂದು ಕಲ್ಲು ಸಾಕು. ನಾಲ್ಕಕ್ಕೂ ಹಾಕುವುದಾದರೆ ಸರಿ. ಆಗ ಮುಂದಿನ ಚಕ್ರವನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಒಂದು ಚಕ್ರವನ್ನು ಹಲಗೆ ಮೇಲೆ ಹತ್ತಿಸಿ ಆಕ್ಸಲ್ ವಾಲಿದಾಗಲೂ ಚೈನು ಎಲ್ಲಿಗೂ ತಾಗುತ್ತಿಲ್ಲ ಅಂತ ನೋಡಿಕೊಳ್ಳಿ.

ನಿಮ್ಮ ಪತ್ರದಲ್ಲಿ ನನಗೆ ಭಯವಾಗಿದ್ದು ಏರು ಹತ್ತಲಿಲ್ಲ ಅನ್ನುವ ಸಾಲಲ್ಲ. ಹತ್ತದ ಗಾಡಿ ನಿಂತಿರುತ್ತದೆ, ಅಷ್ಟೇ. ‘ಬ್ರೇಕ್ ಒತ್ತಿದರೂ ರಸ್ತೆಯವರೆಗೆ ಜಾರಿತು’ ಅಂದಿರಲ್ಲ, ಅದು. ಇಂಥ ಸಣ್ಣ ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ ಬ್ರೇಕ್ ಇರುವುದು ಹಿಂದಿನ ಚಕ್ರಗಳಿಗೆ ಮಾತ್ರ. ಟೂ ವೀಲ್‌ನಲ್ಲಿ ಇಳಿದರೆ ಮುಂದಿನ ಎರಡು ಚಕ್ರಕ್ಕೆ ಬ್ರೇಕೇ ಇಲ್ಲದ ಹಾಗೆ. ಮುಂದೆ ಬಕೆಟ್ ತುಂಬ ಹಿಮ ಇದ್ದರೆ ಹಿಂದಿನ ಚಕ್ರದ ಮೇಲಿನ ಭಾರವೂ ಎದ್ದುಹೋಗಿರುತ್ತದೆ. ಆಗ ಬ್ರೇಕ್ ಯಾವುದನ್ನು ಹಿಡಿಯಬೇಕು? ಫೋರ್ ವೀಲ್ ಹಾಕಿದ್ದರೆ ಮುಂದಿನ ಚಕ್ರ, ಹಿಂದಿನ ಚಕ್ರ ಒಂದೇ ಗೇರಿನ ಸರಪಣಿಯಲ್ಲಿ ಕಟ್ಟಿದ ಹಾಗೆ ಇರುತ್ತವೆ. ಹಿಂದೆ ಹಿಡಿದ ಬ್ರೇಕ್ ಮುಂದಕ್ಕೂ ತಲುಪುತ್ತದೆ. ಫೋರ್ ವೀಲ್ ಇರುವುದು ಹತ್ತುವುದಕ್ಕೆ ಅಂತ ನಾವೆಲ್ಲ ತಿಳಿದಿರುತ್ತೇವೆ. ಹಿಮದಲ್ಲಿ ಅದರ ದೊಡ್ಡ ಉಪಯೋಗ ಇಳಿಯುವುದಕ್ಕೆ.

ಇದನ್ನು ನಾನು ಕಲಿತದ್ದು ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ. ಮೇಲೆ ಬಕೆಟ್ ತುಂಬಿಕೊಂಡೆ. ಇಳಿಜಾರು ತಾನೇ ಅಂತ ಟೂ ವೀಲ್‌ಗೆ ಹಾಕಿದೆ. ಅರ್ಧ ದಾರಿಯಲ್ಲಿ ಬ್ರೇಕ್ ಒತ್ತಿದೆ. ಹಿಂದಿನ ಎರಡೂ ಚಕ್ರ ಕಲ್ಲಿನ ಹಾಗೆ ನಿಂತವು, ಟ್ರ್ಯಾಕ್ಟರ್ ಮಾತ್ರ ನಿಲ್ಲಲಿಲ್ಲ. ಸದ್ದೇ ಇಲ್ಲ, ಅದೇ ವಿಚಿತ್ರ. ದೋಣಿಯಲ್ಲಿ ಕೂತ ಹಾಗೆ ನಿಧಾನಕ್ಕೆ ಪಕ್ಕಕ್ಕೆ ತಿರುಗುತ್ತಾ ಹೋಗಿ ಗೇಟಿನ ಅಂಚೆ ಡಬ್ಬದ ಕಂಬ ಮುರಿದು ನಿಂತಿತು. ನನಗೆ ಏನೂ ಆಗಲಿಲ್ಲ. ಎದುರು ಮನೆಯ ಅಜ್ಜ ಕಿಟಕಿಯಿಂದ ನೋಡಿದವರು ಹೊರಗೆ ಬಂದು ಕಂಬ ನೋಡಲಿಲ್ಲ, ಗೇರ್ ಲಿವರ್ ನೋಡಿದರು. ‘ಟೂ ವೀಲಾ?’ ಅಂದರು. ಅಷ್ಟೇ ಪಾಠ.

ಹಾಗಾಗಿ ಇಳಿಯುವ ಕ್ರಮ ಹೀಗಿರಲಿ. ಇಳಿಜಾರು ಶುರುವಾಗುವ ಮೊದಲೇ, ಸಮತಟ್ಟಿನಲ್ಲಿ, ಫೋರ್ ವೀಲ್ ಹಾಕಿ, ಲೋ ರೇಂಜಿಗೆ, ಅಂದರೆ ನಿಧಾನದ ಗೇರಿಗೆ, ತನ್ನಿ. ನಡುವೆ ಬದಲಾಯಿಸಲು ಹೋಗಬೇಡಿ, ಒಂದು ಕ್ಷಣ ನ್ಯೂಟ್ರಲ್ ಆದರೂ ಕೈಮೀರುತ್ತದೆ. ಬಕೆಟ್ ನೆಲದಿಂದ ಒಂದು ಗೇಣು ಎತ್ತರದಲ್ಲಿರಲಿ. ನಿಮ್ಮದು ಹೈಡ್ರೋಸ್ಟಾಟಿಕ್ ಪೆಡಲ್ (ಗೇರ್ ಬದಲಾಯಿಸದೆ ಕಾಲಲ್ಲೇ ವೇಗ ಹೆಚ್ಚು ಕಡಿಮೆ ಮಾಡುವಂಥದ್ದು) ಆಗಿದ್ದರೆ ಕಾಲು ತಟ್ಟನೆ ತೆಗೆಯಬೇಡಿ. ಕಾಲು ತೆಗೆದರೆ ಅದು ಬ್ರೇಕ್ ಹಾಕಿದ ಹಾಗೆಯೇ, ಚಕ್ರ ನಿಂತುಬಿಡುತ್ತದೆ, ನಿಂತ ಚಕ್ರ ಜಾರುತ್ತದೆ. ಜಾರಿತು ಅಂದರೆ ಪೆಡಲ್ ಸ್ವಲ್ಪ ಒತ್ತಿ ಚಕ್ರ ಮತ್ತೆ ಉರುಳುವ ಹಾಗೆ ಮಾಡಿ. ಉರುಳುವ ಚಕ್ರ ಸ್ಟೀರಿಂಗ್ ಮಾತು ಕೇಳುತ್ತದೆ. ಅದೂ ಆಗದಿದ್ದರೆ ಬಕೆಟ್ ನೆಲಕ್ಕೆ ಇಳಿಸಿ, ಅದೇ ಲಂಗರು. ಹೀಗೆ ನಿಂತಾಗ ಮುಂದಕ್ಕೆ ಎಸೆಯುತ್ತದೆ, ಸೀಟ್ ಬೆಲ್ಟ್ ಇರಲೇಬೇಕು. ತಲೆ ಮೇಲಿನ ರೋಲ್ ಬಾರ್ ಗ್ಯಾರೇಜ್ ಬಾಗಿಲಿಗೆ ತಾಗುತ್ತೆ ಅಂತ ಮಡಚಿಟ್ಟಿದ್ದರೆ ಹೊರಗೆ ಬಂದ ಕೂಡಲೇ ಎತ್ತಿ ಪಿನ್ ಹಾಕಿ.

ಡಿಫ್ ಲಾಕ್, ಅಂದರೆ ಹಿಂದಿನ ಎರಡೂ ಚಕ್ರ ಒಟ್ಟಿಗೇ ತಿರುಗುವ ಹಾಗೆ ಮಾಡುವ ಪೆಡಲ್, ಅದರ ಬಗ್ಗೆ ಒಂದೇ ಮಾತು: ನೇರ ಹೋಗುವಾಗ ಒಂದು ಚಕ್ರ ಮಾತ್ರ ಸುತ್ತುತ್ತಿದ್ದರೆ ಒತ್ತಿ, ತಿರುಗಿಸುವ ಮೊದಲು ಬಿಡಿ.

ಈಗ ಭಾರ. ಐಸಿನ ಏರಿನಲ್ಲಿ ಭಾರದಿಂದ ಲಾಭವಿಲ್ಲ ಅಂದೆನಲ್ಲ, ಅದು ಬರೀ ರಬ್ಬರಿನ ಮಾತು. ಹಲ್ಲು ಬಂದ ಮೇಲೆ ಭಾರಕ್ಕೆ ಬೆಲೆ ಬರುತ್ತದೆ, ಚೈನು ಐಸನ್ನು ಕಚ್ಚಬೇಕಾದರೆ ಮೇಲಿನಿಂದ ಒತ್ತುವವರು ಬೇಕು. ಸಮತಟ್ಟಿನಲ್ಲಿ ಹಿಮದ ರಾಶಿ ನೂಕುವುದಕ್ಕೂ ಭಾರ ಬೇಕು. ಆದರೆ ಎಲ್ಲಿ ಭಾರ ಅನ್ನುವುದು ಮುಖ್ಯ. ಲೋಡರ್ ಇರುವ ಟ್ರ್ಯಾಕ್ಟರ್ ಅಂದರೆ ಹಳೇ ಕಾಲದ ಏತ ಇದ್ದ ಹಾಗೆ. ಮುಂದಿನ ಆಕ್ಸಲ್ ಅದರ ಕಂಬ. ಮುಂದೆ ಬಕೆಟ್ ತುಂಬಿತು ಅಂದರೆ ಹಿಂದೆ ಎದ್ದಿತು. ಹಿಂದೆ ಎದುರು ತೂಕ ಕಟ್ಟಲೇಬೇಕು. ಎಲ್ಲಕ್ಕಿಂತ ಸುಲಭ ತ್ರೀ ಪಾಯಿಂಟಿಗೆ ಕಟ್ಟುವ ಬ್ಯಾಲಾಸ್ಟ್ ಡಬ್ಬ. ಕೊಳ್ಳುವುದು ಬೇಡ ಅಂದರೆ ಕಬ್ಬಿಣದ ಡ್ರಮ್ಮಿನಲ್ಲಿ ಕಾಂಕ್ರೀಟ್ ಹಾಕಿ ಮಾಡಿಕೊಳ್ಳುವವರು ಇಲ್ಲಿ ಬಹಳ. ಮಾಡುವುದಾದರೆ ಲೆಕ್ಕ ಹಾಕಿ ಮಾಡಿ: 55 ಗ್ಯಾಲನ್ ಡ್ರಮ್ ಅಂದರೆ ಸುಮಾರು 208 ಲೀಟರ್, ಪೂರ್ತಿ ತುಂಬಿದರೆ 500 ಕೆಜಿ. ನಿಮ್ಮ ಗಾಡಿಗೆ ಅದು ಅತಿಯಾಯಿತು. ಅರ್ಧ ಡ್ರಮ್, 250 ಕೆಜಿ, ಅಷ್ಟು ಸಾಕು. ಲಿಂಕೇಜ್ ಎಷ್ಟು ಎತ್ತುತ್ತದೆ ಅಂತ ಮ್ಯಾನುಯಲ್‌ನಲ್ಲಿ ನೋಡಿ. ಹಿಂದೆ ಹಿಮ ಎಳೆಯುವ ಬ್ಲೇಡ್ ಕಟ್ಟಿದರೆ ತೂಕವೂ ಆಯಿತು, ಕೆಲಸವೂ ಆಯಿತು. ಏನೂ ಇಲ್ಲದೆ ಬರೀ ಲೋಡರ್ ಇಟ್ಟುಕೊಂಡು ಇಳಿಜಾರಿಗೆ ಹೋಗುವುದನ್ನು ಮಾತ್ರ ನಿಲ್ಲಿಸಿ.

ಟೈರಿನೊಳಗೆ ದ್ರವ ತುಂಬಿಸುವುದೂ ಒಳ್ಳೆಯದೇ, ನೀರಲ್ಲ ಅಷ್ಟೇ. ತೂಕ ಕೆಳಗೆ ಕೂರುತ್ತದೆ, ಗಾಡಿ ಸ್ಥಿರವಾಗುತ್ತದೆ. ಹಿಂದಿನವರು ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ ತುಂಬಿಸುತ್ತಿದ್ದರು. ಲೀಟರಿಗೆ ಸುಮಾರು 1.3 ಕೆಜಿ ತೂಕ, ಹೆಪ್ಪುಗಟ್ಟುವುದಿಲ್ಲ, ಆದರೆ ಸಣ್ಣ ಸೋರಿಕೆ ಆದರೂ ರಿಮ್ ತುಕ್ಕು ತಿಂದು ಹೋಗುತ್ತದೆ. ಕಾರಿನ ಗಾಜು ತೊಳೆಯುವ ದ್ರವ ಅಗ್ಗ, ತೂಕ ನೀರಿಗಿಂತ ಸ್ವಲ್ಪ ಕಡಿಮೆ. ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ಬೇಡವೇ ಬೇಡ. ಸಿಹಿಯಾಗಿರುತ್ತದೆ, ಸೋರಿದ್ದನ್ನು ನಾಯಿ ನೆಕ್ಕಿದರೆ ಅದರ ಕಿಡ್ನಿ ಹೋಗುತ್ತದೆ. ನಾನು ತುಂಬಿಸಿರುವುದು ಬೀಟ್ ರಸ. ಸಕ್ಕರೆ ಬೀಟಿನಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಂದು ಪಾಕ. ತುಕ್ಕು ಹಿಡಿಸುವುದಿಲ್ಲ, ಮೈನಸ್ 35ರ ಹತ್ತಿರದವರೆಗೂ ಹರಿಯುತ್ತದೆ, ಲೀಟರಿಗೆ 1.28 ಕೆಜಿ ತೂಗುತ್ತದೆ. ಟೈರಿಗೆ ನೂರು ಲೀಟರ್ ಹಿಡಿದರೆ ಎರಡು ಟೈರಿಗೆ ಸೇರಿ 250 ಕೆಜಿ ಬಂದ ಹಾಗಾಯಿತು. ಅಮೆರಿಕದಲ್ಲಿ ಸಕ್ಕರೆ ಬೀಟ್ ಎಲ್ಲಕ್ಕಿಂತ ಜಾಸ್ತಿ ಬೆಳೆಯುವುದು ನಮ್ಮ ಮಿನ್ನೆಸೋಟದಲ್ಲೇ. ಮೊದಲ ಸಲ ಆ ಡ್ರಮ್ಮಿನ ಮುಚ್ಚಳ ತೆಗೆದಾಗ ನನಗೆ ಮಂಡ್ಯದ ಸಕ್ಕರೆ ಕಾರ್ಖಾನೆ ದಾರಿಯ ಕಾಕಂಬಿ ವಾಸನೆ ಬಂತು. ಹದಿನೈದು ವರ್ಷದ ಮೇಲೆ, ಹಿಮದ ನಡುವೆ! ಟೈರಿನ ವಾಲ್ವ್ ಮೇಲ್ಗಡೆ ನಿಲ್ಲಿಸಿ ಅದರ ಮಟ್ಟದವರೆಗೆ ತುಂಬಿಸಬೇಕು, ಮುಕ್ಕಾಲು ಭಾಗ ಆಗುತ್ತದೆ. ಹಿಂದಿನ ಟೈರಿಗೆ ಮಾತ್ರ. ಮುಂದಿನದು ಬಕೆಟ್ ಹೊರುವುದೇ ಸಾಕು.

ಟೈರೇ ಬದಲಾಯಿಸಬೇಕಾ ಅಂತ ಕೇಳಿದಿರಿ. ಈಗ ಬೇಡ. ಇಂಡಸ್ಟ್ರಿಯಲ್ ಟೈರು, ಅಂಗಡಿಯವರು ಆರ್-4 ಅನ್ನುವುದು, ಹಿಮಕ್ಕೆ ಬಡಪಾಯಿ. ಅದರ ರಬ್ಬರ್ ಗಟ್ಟಿ, ಉಬ್ಬುಗಳು ಅಗಲ, ಮೇಲ್ಮೈ ನುಣುಪು. ಹೊಲದ ಟೈರು, ಆರ್-1, ನಿಮ್ಮ ಅಪ್ಪನ ಟ್ರ್ಯಾಕ್ಟರಿನಲ್ಲಿದ್ದದ್ದು, ಆಳ ಹಿಮದಲ್ಲಿ ಚೆನ್ನಾಗಿ ಅಗೆಯುತ್ತದೆ. ಐಸಿನ ಮೇಲೆ ಅದೂ ಅಷ್ಟಕ್ಕಷ್ಟೇ. ತಮಾಷೆ ಅಂದರೆ ಹುಲ್ಲುಹಾಸಿನ ಟೈರು, ಆರ್-3, ನೋಡಲು ಮೆತ್ತಗಿರುತ್ತದೆ, ಒತ್ತಿದ ಹಿಮದ ಮೇಲೆ ಆರ್-4ನ್ನು ಸೋಲಿಸುತ್ತದೆ. ಅದರಲ್ಲಿ ಸಣ್ಣ ಸಣ್ಣ ಅಂಚುಗಳು ಬಹಳ, ಹಿಮ ಹಿಡಿಯುವುದು ಅಂಚು. ಇದನ್ನು ಚೆನ್ನಾಗಿ ಅರ್ಥಮಾಡಿಕೊಂಡವರು ಫಿನ್ಲೆಂಡಿನವರು. ಪ್ರಪಂಚದ ಮೊದಲ ಚಳಿಗಾಲದ ಟೈರು ಮಾಡಿದ್ದು ಅವರೇ, 1934ರಲ್ಲಿ, ಲಾರಿಗಳಿಗೆ. ಟ್ರ್ಯಾಕ್ಟರಿಗೂ ಚೌಕ ಚೌಕದ ಚಳಿಗಾಲದ ಟೈರು ಅಲ್ಲಿ ಸಿಗುತ್ತದೆ. ಇಲ್ಲಿ ಕೆಲವರು ಆರ್-4ರ ಉಬ್ಬಿನ ಮೇಲೆ ಅಡ್ಡಡ್ಡ ಸಣ್ಣ ಸೀಳು ಹಾಕಿಸಿ ಅಂಚು ಜಾಸ್ತಿ ಮಾಡಿಕೊಳ್ಳುತ್ತಾರೆ. ಹಿಮಕ್ಕೆ ಗೊತ್ತಾಗುವಷ್ಟು ಫರಕು ಇದೆ. ನಿಮ್ಮಂಥ ಐಸಿನ ಏರಿಗೆ ಸಾಲದು.

ಚೈನಿಗೆ ಜಾಗವೇ ಇಲ್ಲ ಅಂತಾದರೆ ಇನ್ನೊಂದು ದಾರಿ ಸ್ಕ್ರೂ ಥರ ತಿರುಗಿಸಿ ಹಾಕುವ ಮೊಳೆಗಳು, ತುದಿಯಲ್ಲಿ ಕಾರ್ಬೈಡ್ ಅನ್ನುವ ಬಲು ಗಟ್ಟಿ ವಸ್ತು ಇರುವಂಥವು. ಆರ್-4ರ ದಪ್ಪ ಉಬ್ಬು ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮೊಳೆ ಉಬ್ಬಿಗೆ ಮಾತ್ರ, ಸಂದಿಗೆ ಅಲ್ಲ. ಉದ್ದವೂ ಉಬ್ಬಿನ ಎತ್ತರಕ್ಕಿಂತ ಕಡಿಮೆ ಇರಬೇಕು. ಲೆಕ್ಕ ತಪ್ಪಿದರೆ ಬೀಟ್ ರಸ ಗ್ಯಾರೇಜ್ ತುಂಬ. ಮೊಳೆ ಹಾಕಿದ ಗಾಡಿಯನ್ನು ಸಾರ್ವಜನಿಕ ರಸ್ತೆಗೆ ಇಳಿಸುವ ಮೊದಲು ರಾಜ್ಯದ ನಿಯಮ ಕೇಳಿಕೊಳ್ಳಿ.

ಗಾಳಿ ನೋಡುವುದನ್ನು ಬಿಡಬೇಡಿ. ಇಷ್ಟು ಕಡಿಮೆ ಗಾಳಿಯ ಟೈರಿನಲ್ಲಿ ತಾಪಮಾನ ಹತ್ತು ಡಿಗ್ರಿ ಇಳಿದರೆ ಗಾಳಿ ಸುಮಾರು ಒಂದು ಪೌಂಡ್ ಇಳಿಯುತ್ತದೆ. ಅಕ್ಟೋಬರಿನಲ್ಲಿ 15 ಪೌಂಡ್ ಇದ್ದದ್ದು ಜನವರಿಯಲ್ಲಿ 12ರ ಹತ್ತಿರ ಆಗಿರುತ್ತದೆ. ಆಳ ಹಿಮದಲ್ಲಿ ಗಾಳಿ ಸ್ವಲ್ಪ ಕಡಿಮೆ ಇದ್ದರೆ ಒಳ್ಳೆಯದೇ, ಮ್ಯಾನುಯಲ್‌ನಲ್ಲಿ ಹೇಳಿದ ಕನಿಷ್ಠ ಮಿತಿಗಿಂತ ಕೆಳಗೆ ಬೇಡ. ಮುಂದಿನದು ಯಾವಾಗಲೂ ಪೂರ್ತಿ ಇರಲಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಕೇಳುತ್ತೇನೆ: ಐಸ್ ಆದದ್ದು ಹೇಗೆ? ಬಿದ್ದದ್ದು ಹಿಮ. ಅದನ್ನು ಐಸ್ ಮಾಡಿದ್ದು ಬಹುಶಃ ನಿಮ್ಮ ಕಾರು. ಬೆಳಿಗ್ಗೆ ಆಫೀಸಿಗೆ ಹೊರಡುವ ಅವಸರದಲ್ಲಿ ಹಿಮದ ಮೇಲೆ ಕಾರು ಓಡಿಸಿ, ಸಂಜೆ ಬಂದು ತೆಗೆದರೆ ಎರಡು ಗಾಲಿಯ ಜಾಡು ಅಂಟಿಕೊಂಡಿರುತ್ತದೆ, ಬಕೆಟ್ಟಿಗೆ ಬರುವುದಿಲ್ಲ. ಮಾರನೆಯ ದಿನದ ಬಿಸಿಲಿಗೆ ಅದು ಕರಗಿ, ರಾತ್ರಿ ಗಾಜಾಗುತ್ತದೆ. ಕಾರಿಗಿಂತ ಮೊದಲು ಟ್ರ್ಯಾಕ್ಟರ್ ಹೊರಡಬೇಕು. ಜೋರಾಗಿ ಬೀಳುತ್ತಿದ್ದರೆ ನಿಲ್ಲಲಿ ಅಂತ ಕಾಯಬೇಡಿ, ನಡುವೆ ಒಮ್ಮೆ ತೆಗೆಯಿರಿ. ನಿಮ್ಮ ದಾರಿ 60 ಮೀಟರ್ ಉದ್ದ, ಮೂರೂವರೆ ಮೀಟರ್ ಅಗಲ ಇದ್ದು, ಒಂದು ಅಡಿ ಹಿಮ ಬಿದ್ದರೆ ಹಗುರ ಹಿಮವಾದರೂ ಆರು ಟನ್ ಮೇಲೆ. ಒದ್ದೆ ಹಿಮವಾದರೆ ಅದರ ಎರಡು ಮೂರು ಪಟ್ಟು. ಡುಲುತ್‌ನಲ್ಲಿ 2022-23ರ ಚಳಿಗಾಲದಲ್ಲಿ ಒಟ್ಟು 140 ಇಂಚು ಬಿತ್ತು, ಅಲ್ಲಿಯ ದಾಖಲೆ. ಆ ಸಲ ರಾಶಿ ಹಾಕಲು ಜಾಗವೇ ಉಳಿದಿರಲಿಲ್ಲ. ಮೇಲಿನಿಂದ ಶುರು ಮಾಡಿ ಕೆಳಕ್ಕೆ ತಳ್ಳಿ, ಏರಿನ ಎದುರು ನೂಕಬೇಡಿ. ಬದಿಗೆ ಹಾಕಿ, ರಸ್ತೆಗೆ ತಳ್ಳಬೇಡಿ, ಮಿನ್ನೆಸೋಟದಲ್ಲಿ ಅದು ಕಾನೂನಿಗೆ ವಿರುದ್ಧ. ಮುಂದೆ ಯಾವಾಗಲಾದರೂ ದುಡ್ಡಿದ್ದರೆ ಸ್ನೋ ಬ್ಲೋವರ್ ಯೋಚಿಸಿ. ಅದು ಹಿಮವನ್ನು ನೂಕುವುದಿಲ್ಲ, ಎತ್ತಿ ಎಸೆಯುತ್ತದೆ, ಟೈರಿಗೆ ಕೆಲಸ ಕಡಿಮೆ.

ಈಗ ಆಗಿಹೋಗಿರುವ ಐಸಿಗೆ ಮರಳು. ಚೈನು ಬರುವವರೆಗೆ ಏರಿನ ಮೇಲೆ ಒರಟು ಮರಳು ಚೆಲ್ಲಿ, ಟ್ರ್ಯಾಕ್ಟರ್ ತರಬೇಡಿ, ಬಕೆಟ್ ಹಿಡಿದು ನಡೆದೇ ಚೆಲ್ಲಿ. ಬರೀ ಉಪ್ಪು ಮೈನಸ್ 9ಕ್ಕಿಂತ ಕೆಳಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಮನೆಗೆ ಬಾವಿ ನೀರಾಗಿದ್ದರೆ ಉಪ್ಪಿನಲ್ಲಿ ಕೈ ಬಿಗಿ ಇರಲಿ: ಒಂದು ಟೀ ಚಮಚ ಉಪ್ಪು 5 ಗ್ಯಾಲನ್ ನೀರು ಕೆಡಿಸಲು ಸಾಕು ಅಂತ ಇಲ್ಲಿನ ಮಾಲಿನ್ಯ ನಿಯಂತ್ರಣ ಇಲಾಖೆಯೇ ಹೇಳುತ್ತದೆ. ಚೈನು ಬಂದ ಮೇಲೆ, ಬಾಕ್ಸ್ ಬ್ಲೇಡ್ (ನೆಲ ಕೆರೆದು ಸಮ ಮಾಡಲು ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಸಲಕರಣೆ) ಇದ್ದರೆ ಅದರ ಕೊಕ್ಕೆ ಹಲ್ಲು ಇಳಿಸಿ ಐಸಿನ ಮೇಲೆ ಒಮ್ಮೆ ಎಳೆಯಿರಿ. ನೇಗಿಲ ಸಾಲಿನ ಹಾಗೆ ಗೀರು ಬೀಳುತ್ತದೆ. ಆ ಸಾಲಿನಲ್ಲಿ ಮರಳು ಹಾಕಿದರೆ ಗಾಳಿಗೆ ಹಾರುವುದಿಲ್ಲ, ಅಲ್ಲೇ ಕೂರುತ್ತದೆ.

ಏಪ್ರಿಲ್ ಕೊನೆಗೆ ಚೈನು ತೆಗೆಯುವಾಗ ಒಂದು ಕೆಲಸ ಮಾಡಿ. ಕೊಕ್ಕೆ ಯಾವ ಕೊಂಡಿಯಲ್ಲಿ ಸಿಕ್ಕಿಸಿತ್ತೋ ಆ ಕೊಂಡಿಗೆ ಕೆಂಪು ಬಣ್ಣ ಹಚ್ಚಿ. ಎಡಗಡೆಯದಕ್ಕೆ ಒಂದು ಗೀಟು, ಬಲಗಡೆಯದಕ್ಕೆ ಎರಡು. ತೊಳೆದು, ಹಳೇ ಆಯಿಲ್ ಬಟ್ಟೆಯಲ್ಲಿ ಒರೆಸಿ, ಗೋಡೆಗೆ ನೇತುಹಾಕಿ. ಬಕೆಟ್ಟಿನಲ್ಲಿ ಮುದ್ದೆ ಮಾಡಿ ಇಟ್ಟರೆ ಅಕ್ಟೋಬರಿನಲ್ಲಿ ಗಂಟು ಬಿಡಿಸುವುದಕ್ಕೇ ಒಂದು ಭಾನುವಾರ ಬೇಕು.